ಅಮೆರಿಕದ ರ‍್ಯಾಪ್ ಗಾಯಕ ಜೇ-ಝೀ ಅವರ ಮೊದಲ ಆಲ್ಬಮ್ ‘ರೀಸನಬಲ್ ಡೌಟ್’ಗೆ ಇಷ್ಟೊಂದು ಹೆಸರು ಯಾಕೆ?

ಇದು ಬಂದಿದ್ದು 1996ರ ಜೂನ್‌ನಲ್ಲಿ. ಆಗ ಜೇ-ಝೀಗೆ 26 ವರ್ಷ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರುವ ಮಾರ್ಸಿ ಹೌಸಸ್ ಎಂಬ ಸರ್ಕಾರಿ ವಸತಿಯಲ್ಲಿ ಬೆಳೆದು, ಬೀದಿಯಲ್ಲಿ ಡ್ರಗ್ಸ್ ಮಾರಿದ್ದವರು ಅವರು. ದೊಡ್ಡ ಸಂಗೀತ ಕಂಪನಿಗಳು ಕೈ ಹಿಡಿಯದಿದ್ದಾಗ ಡೇಮನ್ ಡ್ಯಾಶ್, ಕರೀಮ್ ಬರ್ಕ್ ಜೊತೆ ಸೇರಿ ರಾಕ್-ಎ-ಫೆಲ್ಲಾ ಎಂಬ ಸ್ವಂತ ಕಂಪನಿ ಕಟ್ಟಿದರು.

ದಂಧೆಯ ಬಗ್ಗೆ ಹಾಡಿದವರು ಮೊದಲೂ ಇದ್ದರು, ಅಲ್ವಾ? ಆದರೆ ಇಲ್ಲಿರುವುದು ಸುಮ್ನೆ ದುಡ್ಡಿನ ಜಂಬ ಅಲ್ಲ. ‘ಡೆವಿಲ್ಸ್’ ಹಾಡಿನಲ್ಲಿ ಹಣದ ಆಸೆ ಬಾಲ್ಯದ ಗೆಳೆಯರನ್ನೇ ಶತ್ರುಗಳನ್ನಾಗಿ ಮಾಡುತ್ತದೆ. ಕೊನೆಯಲ್ಲಿ ಬರುವ ಹಾಡಿನ ಹೆಸರೇ ‘ರಿಗ್ರೆಟ್ಸ್’, ಅಂದರೆ ಪಶ್ಚಾತ್ತಾಪ. ಗೆದ್ದವನ ಮನಸ್ಸಿನ ಈ ಕೊರಗೇ ನನ್ನನ್ನು ಜಾಸ್ತಿ ಕಾಡುವುದು. ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಆಗ ಈ ಆಲ್ಬಮ್ 23ನೇ ಸ್ಥಾನದವರೆಗೆ ಮಾತ್ರ ಏರಿತ್ತು. ಹೆಸರು ಬೆಳೆದದ್ದು ನಿಧಾನವಾಗಿ.