ಟೆಂಡರ್ ಯಾಕೆ ಬದಲಾಯಿಸಿದಿರಿ ಅಂತ ಮೊದಲು ಹೇಳಿ

ಪ್ರಿಯ ರಾಯಚೂರಿನ ಗೆಳೆಯರೇ,

ನಮಸ್ಕಾರ. ಒಂದೇ ಮಾದರಿ ರೈಲು ಇಂಜಿನ್‌ಗೆ ಮೂರು ಟೆಂಡರ್ (ಇಂಜಿನ್ ಹಿಂದೆ ನೀರು, ಇಂಧನ ಹೊರುವ ಬಂಡಿ) ಬದಲಾಯಿಸಿ ಹಾಕಿದ್ದರ ಬಗ್ಗೆ ನೀವು ನಮ್ಮ ಪತ್ರಿಕೆಗೆ ಕಳಿಸಿದ ‘ಒಂದು ಇಂಜಿನ್, ಮೂರು ಟೆಂಡರ್’ ಲೇಖನವೂ ಫೋಟೋಗಳೂ ತಲುಪಿದವು. ನೇರವಾಗಿ ಹೇಳಿಬಿಡುತ್ತೇನೆ: ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಬೇಡ ಅಂತ ವಾಪಸ್ ಕಳಿಸುತ್ತಲೂ ಇಲ್ಲ. ಫೋಟೋ ನೋಡಿದರೆ ನಿಮ್ಮ ಕೈಕೆಲಸ ಎಷ್ಟು ಅಚ್ಚುಕಟ್ಟು ಅಂತ ಗೊತ್ತಾಗುತ್ತದೆ. ಬರಹ ಮಾತ್ರ ಆ ಕೆಲಸದ ಹತ್ತಿರಕ್ಕೇ ಹೋಗಿಲ್ಲ.

ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಜೇಮ್ಸ್ ವಾಟ್, ಸ್ಟೀಫನ್‌ಸನ್, 1853ರ ಮುಂಬೈ–ಠಾಣೆ ರೈಲು, ಎಲ್ಲವೂ ಶಾಲೆಯ ಪುಸ್ತಕದಲ್ಲಿ ಇರುವಂಥವೇ. ಮಾದರಿ ಇಂಜಿನ್ ಬಗ್ಗೆ ಓದೋಣ ಅಂತ ಬಂದವರು ಅಷ್ಟರಲ್ಲೇ ಎದ್ದು ಹೋಗುತ್ತಾರೆ. ಇತಿಹಾಸ ಬೇಕೇ ಬೇಕು ಅನ್ನಿಸಿದರೆ ನಿಮ್ಮ ಊರಿನದೇ ಇದೆ ಅಲ್ವಾ? ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆ, ಎರಡೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲೇ. ನೀವು ಅಲ್ಲೇ ಕೂತು ಬರೆದಿದ್ದೀರಿ, ಒಂದು ಮಾತೂ ಹೇಳಿಲ್ಲ.

ಈಗ ಮುಖ್ಯ ವಿಷಯ. ನಿಮ್ಮ ಹತ್ತಿರ ಇರುವುದು ಎಚ್‌ಒ ಅಳತೆಯ, ಅಂದರೆ ನಿಜವಾದದ್ದರ 87ನೇ ಒಂದು ಪಾಲಿನ, ಹಳೆಯ ಹಿತ್ತಾಳೆ ಮೈಯ ಅಮೆರಿಕನ್ 2-8-2 ಇಂಜಿನ್ (ಮುಂದೆ 2, ನಡುವೆ 8, ಹಿಂದೆ 2 ಚಕ್ರದ್ದು). ಅದಕ್ಕೆ ಒಮ್ಮೆ ಚೌಕಾಕಾರದ ಟೆಂಡರ್, ಒಮ್ಮೆ ಉರುಟು ತೊಟ್ಟಿಯದ್ದು, ಒಮ್ಮೆ ಹಿಂಭಾಗ ಇಳಿಜಾರಾದದ್ದು ಹಾಕಿದ್ದೀರಿ. ಮೂರಕ್ಕೂ ಕೊಟ್ಟಿರುವ ಕಾರಣ ಒಂದೇ: ‘ನೋಡಲು ಚೆನ್ನಾಗಿತ್ತು’. ಇದು ಸಾಲದು. ಟೆಂಡರ್ ಅಂದರೆ ನೀರು ಮತ್ತು ಕಲ್ಲಿದ್ದಲು ಹೊರುವ ಬಂಡಿ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಇಂಜಿನ್ ಎಷ್ಟು ದೂರ ಹೋಗಬೇಕು, ನೀರು ಎಲ್ಲಿ ಸಿಗುತ್ತದೆ, ಏನು ಉರಿಸುತ್ತಾರೆ, ಇವೇ ತಾನೇ ಅದರ ಆಕಾರ ತೀರ್ಮಾನ ಮಾಡುವುದು?

ಇಳಿಜಾರು ಟೆಂಡರ್ ತೆಗೆದುಕೊಳ್ಳಿ. ಅದು ಯಾರ್ಡಿನಲ್ಲಿ ಶಂಟಿಂಗ್ ಮಾಡುವ, ಅಂದರೆ ಡಬ್ಬಿಗಳನ್ನು ಅತ್ತಿತ್ತ ಸರಿಸಿ ಜೋಡಿಸುವ ಇಂಜಿನ್‌ಗಳದ್ದು. ದಿನವಿಡೀ ಹಿಂದೆ ಮುಂದೆ ಓಡಾಡುವಾಗ ಡ್ರೈವರ್‌ಗೆ ಹಿಂದಿನ ಹಳಿ ಕಾಣಬೇಕು, ಕಪ್ಲಿಂಗ್ ಹತ್ತಿರ ನಿಂತ ಮನುಷ್ಯ ಕಾಣಬೇಕು. ಅದಕ್ಕೋಸ್ಕರ ನೀರು ಕಮ್ಮಿಯಾದರೂ ಪರವಾಗಿಲ್ಲ ಅಂತ ತೊಟ್ಟಿಯನ್ನು ಹಿಂದಕ್ಕೆ ಇಳಿಸಿದರು. ನಿಮ್ಮ ಇಂಜಿನ್ ಗೂಡ್ಸ್ ಎಳೆದುಕೊಂಡು ದೂರ ಹೋಗುವಂಥದ್ದು. ಅದರ ಹಿಂದೆ ಇದು ಹೊಂದುವುದಿಲ್ಲ. ಬೇಕೆಂದೇ ಹಾಕಿದ್ದರೆ, ಯಾರ್ಡಿಗೆ ಇಳಿಸಿದ ಹಳೆಯ ಇಂಜಿನ್ ಅಂತ ಒಂದು ಸಾಲು ಬರೆಯಿರಿ. ಆಗ ಒಪ್ಪಬಹುದು.

ಉರುಟು ತೊಟ್ಟಿಯದ್ದು ವಾಂಡರ್‌ಬಿಲ್ಟ್ ಟೆಂಡರ್. 20ನೇ ಶತಮಾನದ ಆರಂಭದಲ್ಲಿ ಬಂತು, ಕಾರ್ನೀಲಿಯಸ್ ವಾಂಡರ್‌ಬಿಲ್ಟ್ ಎಂಬ ಎಂಜಿನಿಯರ್ ಹೆಸರಿನದು. ಇಲ್ಲಿ ಒಂದು ತಪ್ಪಾಗಿದೆ. ಪಕ್ಕದಲ್ಲಿ ಸದರ್ನ್ ಪೆಸಿಫಿಕ್ ಎಂಬ ಅಮೆರಿಕದ ರೈಲ್ವೆ ಕಂಪನಿಯ ಹೆಸರು ಬರೆದು, ಮೇಲೆ ಕಲ್ಲಿದ್ದಲು ರಾಶಿ ಹಾಕಿದ್ದೀರಿ. ಆ ಕಂಪನಿಯ ಇಂಜಿನ್‌ಗಳು ಬಹುಪಾಲು ಎಣ್ಣೆ ಉರಿಸುತ್ತಿದ್ದವು. ಅವುಗಳ ಟೆಂಡರ್ ಮೇಲೆ ಎಣ್ಣೆಯ ತೊಟ್ಟಿ ಇರುತ್ತಿತ್ತು. ತಿಳಿದವರು ಮೊದಲ ನೋಟಕ್ಕೇ ಹಿಡಿಯುತ್ತಾರೆ. ಆದರೂ ಆ ಕಲ್ಲಿದ್ದಲನ್ನು ತೆಗೆಯಬೇಡಿ. ಪ್ಲಾಸ್ಟಿಕ್ ರಾಶಿ ಕಿತ್ತು, ಶಕ್ತಿನಗರದ ಕಡೆಯಿಂದ ತಂದ ನಿಜವಾದ ಕಲ್ಲಿದ್ದಲನ್ನು ಕುಟ್ಟಿ, ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲ್‌ಗೆ ಒಂದು ಹನಿ ಸೋಪು ಹಾಕಿ ಅಂಟಿಸಿದ್ದೀರಲ್ಲ, ಇಡೀ ಲೇಖನದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು. ಕಂಪನಿಯ ಹೆಸರು ಬದಲಾಯಿಸಿ. ಬಾಲ್ಟಿಮೋರ್ ಅಂಡ್ ಓಹಾಯೊ ರೈಲ್ವೆಯಲ್ಲೂ ಉರುಟು ಟೆಂಡರ್ ಇದ್ದವು, ಅವರು ಕಲ್ಲಿದ್ದಲನ್ನೇ ಉರಿಸುತ್ತಿದ್ದರು.

‘ಇದು ನಮ್ಮಂಥ ಹವ್ಯಾಸಿಗಳ ಹುಚ್ಚು ಅಷ್ಟೇ’ ಅಂತ ಒಂದು ಕಡೆ ಬರೆದಿದ್ದೀರಿ. ಆ ಸಾಲು ಹೊಡೆದುಹಾಕಿ. ನಿಜವಾದ ರೈಲ್ವೆಗಳೇ ಟೆಂಡರ್ ಬದಲಾಯಿಸಿವೆ. ಲಂಡನ್‌ನಿಂದ ಎಡಿನ್‌ಬರೋಗೆ ಸುಮಾರು 630 ಕಿ.ಮೀ. ಎಲ್ಲೂ ನಿಲ್ಲದೆ ಓಡಿಸಲು 1928ರಲ್ಲಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಇಂಜಿನ್‌ಗೆ ಬೇರೆ ಟೆಂಡರ್ ಕಟ್ಟಿದರು. ಅದರ ಒಂದು ಪಕ್ಕದಲ್ಲಿ 18 ಇಂಚು ಅಗಲದ ಓಣಿ ಇತ್ತು. ಗಾಡಿ ಓಡುತ್ತಿರುವಾಗಲೇ ಇಂಜಿನ್ ಓಡಿಸುವ ಎರಡನೇ ತಂಡ ಪ್ರಯಾಣಿಕರ ಡಬ್ಬಿಯಿಂದ ಆ ಓಣಿಯಲ್ಲಿ ನುಸುಳಿ ಬಂದು ಕೆಲಸ ವಹಿಸಿಕೊಳ್ಳುತ್ತಿತ್ತು.

ದಕ್ಷಿಣ ಆಫ್ರಿಕಾದ 25ನೇ ಕ್ಲಾಸ್ ಇಂಜಿನ್‌ಗಳ ಕಥೆ ನಿಮ್ಮ ಓದುಗರಿಗೆ ಇನ್ನೂ ಹತ್ತಿರದ್ದು. ಕರೂ ಎಂಬ ಒಣ ಪ್ರದೇಶಕ್ಕೆ ಅಂತ 1953ರಿಂದ 90 ಇಂಜಿನ್ ತರಿಸಿದರು. ಟೆಂಡರ್ ಇಂಜಿನ್‌ಗಿಂತಲೂ ಉದ್ದ. ಚಿಮಣಿಯಿಂದ ಹೊರಟುಹೋಗಬೇಕಾದ ಹಬೆಯನ್ನು ಹಿಂದಕ್ಕೆ ಟೆಂಡರ್‌ಗೆ ತಂದು, ಫ್ಯಾನ್ ಗಾಳಿಯಲ್ಲಿ ತಣಿಸಿ, ನೀರು ಮಾಡಿ, ಮತ್ತೆ ಬಾಯ್ಲರ್‌ಗೆ ಕಳಿಸುತ್ತಿದ್ದರು. ಮುಂದೆ ಆ ಏರ್ಪಾಡು ಬೇಡವಾದಾಗ ಯಂತ್ರವನ್ನೆಲ್ಲ ಕಿತ್ತು, ಅದೇ ಉದ್ದನೆಯ ಚಾಸಿ ಮೇಲೆ ಉರುಟು ತೊಟ್ಟಿ ಕೂರಿಸಿದರು. ಒಂದೇ ಇಂಜಿನ್, ಎರಡು ರೂಪ. ನೀವು ಟೇಬಲ್ ಮೇಲೆ ಮಾಡಿದ್ದೂ ಅದೇ ಕೆಲಸ. ಏಪ್ರಿಲ್–ಮೇ ತಿಂಗಳಲ್ಲಿ ರಾಯಚೂರಿನಲ್ಲಿ ನೀರಿಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಾಲ್ಕನೇ ಪುಟ. ‘ಮೊದಲ ಸಲ ಕರೆಂಟ್ ಕೊಟ್ಟಾಗ ಸ್ವಲ್ಪ ತೊಂದರೆಯಾಯಿತು, ನಂತರ ಸರಿಪಡಿಸಿದೆ.’ ಏನು ತೊಂದರೆ? ಹೇಗೆ ಸರಿಯಾಯಿತು? ಲೇಖನದ ಜೀವ ಇರುವುದೇ ಅಲ್ಲಿ, ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಟೆಂಡರ್ ಮಗುಚಿಟ್ಟು ತೆಗೆದ ಫೋಟೋ ನೋಡಿ ನಾನೇ ಊಹಿಸಿದೆ. ಇಂಥ ಹಳೆಯ ಅಮೆರಿಕನ್ ಮಾದರಿಗಳಲ್ಲಿ ಇಂಜಿನ್ ಒಂದು ಹಳಿಯಿಂದ ಕರೆಂಟ್ ತೆಗೆದುಕೊಳ್ಳುತ್ತದೆ, ಟೆಂಡರ್ ಇನ್ನೊಂದರಿಂದ. ಆದ್ದರಿಂದ ಟೆಂಡರ್‌ನ ಎರಡೂ ಬೋಗಿಗಳಲ್ಲಿ (ಅಡಿಯಲ್ಲಿ ಚಕ್ರಗಳನ್ನು ಹಿಡಿದಿರುವ ಚೌಕಟ್ಟುಗಳಲ್ಲಿ) ಇನ್ಸುಲೇಟ್ ಆದ, ಅಂದರೆ ಕರೆಂಟ್ ದಾಟಿಸದ ಚಕ್ರಗಳು ಒಂದೇ ಕಡೆಗೆ ಇರಬೇಕು. ಫೋಟೋದಲ್ಲಿ ಮುಂದಿನ ಬೋಗಿಯದ್ದು ಒಂದು ಕಡೆ, ಹಿಂದಿನದ್ದು ಇನ್ನೊಂದು ಕಡೆ. ಹೀಗಿದ್ದರೆ ಲೋಹದ ಚಾಸಿ ಎರಡು ಹಳಿಗಳನ್ನೂ ಕೂಡಿಸಿಬಿಡುತ್ತದೆ, ಹಳಿ ಮೇಲಿಟ್ಟ ತಕ್ಷಣ ಶಾರ್ಟ್. ಒಂದು ಸ್ಕ್ರೂ ಬಿಚ್ಚಿ ಬೋಗಿಯನ್ನು ತಿರುಗಿಸಿದರೆ ಮುಗಿಯಿತು. ಆದರೆ ಇದು ಗೊತ್ತಿಲ್ಲದವರು ಮೋಟಾರೇ ಸುಟ್ಟಿತು ಅಂತ ಇಂಜಿನ್ ಪೂರ್ತಿ ಬಿಚ್ಚಿ ಕೂರುತ್ತಾರೆ. ನಡೆದದ್ದು ಇದೇ ಆಗಿದ್ದರೆ ಹಂತ ಹಂತವಾಗಿ ಬರೆಯಿರಿ. ಮಲ್ಟಿಮೀಟರ್ ಎಲ್ಲಿ ಮುಟ್ಟಿಸಿದಿರಿ, ಏನು ತೋರಿಸಿತು, ಎಲ್ಲವೂ ಬೇಕು. ಇಂಜಿನ್ ಮತ್ತು ಟೆಂಡರ್‌ನ ಲೋಹದ ಮೈ ಒಂದಕ್ಕೊಂದು ತಾಗಿದರೂ ಇದೇ ಪಾಡು ಅಂತ ಸೇರಿಸಿ. ಕೆಲವು ಯುರೋಪಿಯನ್ ಮಾದರಿಗಳಲ್ಲಿ ಮೋಟಾರ್ ಇರುವುದೇ ಟೆಂಡರ್ ಒಳಗೆ. ಅದನ್ನು ಬದಲಾಯಿಸಲು ಹೊರಟವರಿಗೆ ಒಂದು ಎಚ್ಚರಿಕೆಯ ಮಾತೂ ಇರಲಿ.

ಇಂಜಿನ್–ಟೆಂಡರ್ ನಡುವಿನ ಸಂದು 6 ಮಿ.ಮೀ. ಅಂತ ಬರೆದಿದ್ದೀರಿ. 87ರಿಂದ ಗುಣಿಸಿ ನೋಡಿ, ಅರ್ಧ ಮೀಟರಿಗೂ ಜಾಸ್ತಿ. ಅಷ್ಟು ಸಂದು ದಾಟಿ ಫೈರ್‌ಮನ್, ಅಂದರೆ ಇಂಜಿನ್ ಒಲೆಗೆ ಕಲ್ಲಿದ್ದಲು ಹಾಕುವವನು, ಸಲಿಕೆ ಬೀಸುವುದು ಹೇಗೆ? ಹಳಿಯ ತಿರುವು ಬಿಗಿಯಾಗಿದ್ದರಿಂದ ಬಿಟ್ಟಿರಬೇಕು. ಹಾಗಿದ್ದರೆ ತಿರುವಿನ ಅಳತೆ ಕೊಡಿ, ಇನ್ನೆಷ್ಟು ಹತ್ತಿರ ತರಬಹುದಿತ್ತು ಅಂತಲೂ ಹೇಳಿ.

ಕೊನೆಯ ಪುಟದಲ್ಲಿ ಸುಮ್ನೆ ಒಂದು ಮಾತು ಬಂದುಹೋಗುತ್ತದೆ, ನಿಮ್ಮ ಕಾಕಾ ಸ್ಟೀಮ್ ಇಂಜಿನ್‌ನಲ್ಲಿ ಫೈರ್‌ಮನ್ ಆಗಿದ್ದರು ಅಂತ. ಅವರ ಹತ್ತಿರ ಹೋಗಿ ಕೂತು ಕೇಳಿ. ಟೆಂಡರ್ ಹಿಂಭಾಗದ ಕಲ್ಲಿದ್ದಲನ್ನು ಮುಂದಕ್ಕೆ ಎಳೆಯುತ್ತಿದ್ದವರು ಯಾರು? ದೊಡ್ಡ ಹೆಂಟೆ ಒಡೆಯುತ್ತಿದ್ದುದು ಯಾವುದರಿಂದ? ನೀರು ಎಷ್ಟಿದೆ ಅಂತ ಹೇಗೆ ನೋಡುತ್ತಿದ್ದರು? ಬ್ರಾಡ್‌ಗೇಜ್‌ನಲ್ಲಿ ಸ್ಟೀಮ್ ನಿಂತಿದ್ದು 1995ರಲ್ಲಿ. ಕೈಯಾರೆ ಮಾಡಿದವರು ಇನ್ನೂ ಸಿಗುತ್ತಾರೆ, ಆದರೆ ಬಹಳ ಕಾಲ ಅಲ್ಲ. ಅವರು ಹೇಳಿದ್ದನ್ನು ತಿದ್ದಬೇಡಿ, ಅವರ ಮಾತಿನಲ್ಲೇ ಹಾಕಿ.

ಮತ್ತೆ ಬರೆದು ಕಳಿಸುವಾಗ ಮೂರೂ ಟೆಂಡರ್ ಬೇಡ, ವಾಂಡರ್‌ಬಿಲ್ಟ್ ಒಂದೇ ಸಾಕು. ಫೋಟೋಗಳನ್ನು ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಇಂಜಿನ್ ಎತ್ತರಕ್ಕೇ ಕ್ಯಾಮೆರಾ ಇಳಿಸಿ ತೆಗೆಯಿರಿ. ಬೋಗಿ ತಿರುಗಿಸುವ ಮೊದಲು ಒಂದು, ಆಮೇಲೆ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು. ಮಗುಚಿಟ್ಟ ಆ ಫೋಟೋ ನಮಗೆ ಬೇಕೇ ಬೇಕು, ಅದರ ಮೂಲ ಫೈಲನ್ನೇ ಕಳಿಸಿ.

ಇಂತಿ,
ಸಂಪಾದಕ