ಒಂದೇ ಹಳ್ಳಿಗೆ ಎರಡು ಚರ್ಚು ಯಾಕೆ?

ಪ್ರಶ್ನೆ: ಮಗಳು ಸ್ಕಾಟ್ಲೆಂಡಿನಲ್ಲಿದ್ದಾಳೆ. ಅವಳನ್ನು ನೋಡಲು ಹೋದಾಗ ಪರ್ತ್ ಕಡೆಯ ಒಂದು ಪುಟ್ಟ ಹಳ್ಳಿ ಸುತ್ತಿದೆವು. ಇರುವ ಮನೆಗಳೇ ಕಮ್ಮಿ, ಚರ್ಚು ಮಾತ್ರ ಎರಡು. ಎರಡೂ ಪ್ರೆಸ್ಬಿಟೇರಿಯನ್ ಅಂತೆ. ಒಂದರಲ್ಲಿ ಈಗ ಯಾರೋ ಸಂಸಾರ ಹೂಡಿದ್ದಾರೆ! ಒಂದೇ ಪಂಥದವರಿಗೆ ಎರಡು ಯಾಕೆ ಬೇಕಿತ್ತು? ಇಂಥ ಹಳ್ಳಿ ಸಭೆಯ ಚರಿತ್ರೆ ತಿಳಿಯಬೇಕಾದರೆ ಎಲ್ಲಿ ಹುಡುಕಬೇಕು?
– ಓದುಗರೊಬ್ಬರು, ಧಾರವಾಡ

ಉತ್ತರ: ನಂಬಿಕೆ, ಪ್ರಾರ್ಥನೆ, ಕೀರ್ತನೆ ಎಲ್ಲ ಎರಡು ಕಡೆಯೂ ಹೆಚ್ಚುಕಮ್ಮಿ ಒಂದೇ. ಜಗಳ ಹತ್ತಿದ್ದು ಪಾದ್ರಿಯನ್ನು ಯಾರು ಆರಿಸಬೇಕು ಎನ್ನುವುದಕ್ಕೆ.

ಪ್ರೆಸ್ಬಿಟೇರಿಯನ್ನರಲ್ಲಿ ಬಿಷಪ್ ಇರುವುದಿಲ್ಲ. ಪಾದ್ರಿ ಮತ್ತು ಸಭೆಯ ಹಿರಿಯರು ಕೂತು ಎಲ್ಲ ತೀರ್ಮಾನ ಮಾಡುತ್ತಾರೆ. ಈ ಕೂಟಕ್ಕೆ ಕರ್ಕ್ ಸೆಷನ್ ಎಂದು ಹೆಸರು. ಆದರೆ ಪಾದ್ರಿಯ ಹೆಸರು ಸೂಚಿಸುವ ಹಕ್ಕನ್ನು 1712ರ ಕಾನೂನು ಪೋಷಕರಿಗೆ ಕೊಟ್ಟಿತ್ತು. ಪೋಷಕರು ಅಂದರೆ ಹೆಚ್ಚಿನ ಊರುಗಳಲ್ಲಿ ಅಲ್ಲಿನ ದೊಡ್ಡ ಜಮೀನ್ದಾರ. ಇದು ಎಷ್ಟು ದಿನ ನಡೆದೀತು?

ನೀವು ಓಡಾಡಿದ ಪರ್ತ್‌ಷೈರಿನಲ್ಲೇ ಆಕ್ಟರಾರ್ಡರ್ ಎಂಬ ಊರಿದೆ. ಕುಟುಂಬದ ಯಜಮಾನರಲ್ಲಿ ಹೆಚ್ಚಿನವರು ಬೇಡ ಎಂದರೆ ಪಾದ್ರಿಯನ್ನು ನೇಮಿಸುವಂತಿಲ್ಲ ಎಂದು ಚರ್ಚ್ ಆಫ್ ಸ್ಕಾಟ್ಲೆಂಡಿನ ಮಹಾಸಭೆ 1834ರಲ್ಲಿ ನಿಯಮ ಮಾಡಿತು. ಅದೇ ವರ್ಷ ಊರಿನ ಪೋಷಕನಾಗಿದ್ದ ಕಿನೌಲ್‌ನ ಅರ್ಲ್ (ಅರ್ಲ್ ಅಂದರೆ ಒಂದು ಶ್ರೀಮಂತ ಪದವಿ) ಈ ಊರಿಗೆ ರಾಬರ್ಟ್ ಯಂಗ್ ಎಂಬವರನ್ನು ಸೂಚಿಸಿದ. ಅವರನ್ನು ಕರೆಯುವ ಪತ್ರಕ್ಕೆ ಊರಿನ ಯಜಮಾನರಲ್ಲಿ ಸಹಿ ಹಾಕಿದವರು ಇಬ್ಬರೇ. 330 ಯಜಮಾನರಲ್ಲಿ 287 ಜನ ಬೇಡವೇ ಬೇಡ ಎಂದರು. ವ್ಯಾಜ್ಯ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1839ರಲ್ಲಿ ತೀರ್ಪು ಬಂದಿದ್ದು ಅರ್ಲ್‌ನ ಪರವಾಗಿ. ಊರಿಗೆ ಊರೇ ಬೇಡ ಎಂದ ಮೇಲೂ ಹೀಗೆ ಅಂದರೆ ಸಿಟ್ಟು ಬರದೆ ಇರುತ್ತದಾ?

1843ರ ಮೇ 18ರಂದು ಎಡಿನ್‌ಬರೋದ ಮಹಾಸಭೆಯಲ್ಲಿ ಅಧ್ಯಕ್ಷ ಡೇವಿಡ್ ವೆಲ್ಶ್ ಪ್ರತಿಭಟನೆಯ ಪತ್ರ ಓದಿ ಎದ್ದು ಹೊರನಡೆದರು. ಅವರ ಹಿಂದೆ ಹೋದ ಪಾದ್ರಿಗಳು ಸಂಬಳ, ಮನೆ, ಚರ್ಚು ಎಲ್ಲ ಬಿಟ್ಟರು. ಒಟ್ಟು ಸುಮಾರು 470 ಜನ, ಅಂದರೆ ಮೂರರಲ್ಲಿ ಒಂದು ಪಾಲಿನಷ್ಟು. ಅವರು ಕಟ್ಟಿದ್ದೇ ಫ್ರೀ ಚರ್ಚ್. ಇದರ ಬಿಸಿ ನಮ್ಮ ದೇಶಕ್ಕೂ ತಟ್ಟಿತು. ಕಲ್ಕತ್ತದಲ್ಲಿದ್ದ ಸ್ಕಾಟಿಷ್ ಮಿಷನರಿ ಅಲೆಗ್ಸಾಂಡರ್ ಡಫ್ ಫ್ರೀ ಚರ್ಚ್ ಸೇರಿದ್ದರಿಂದ ತಾವೇ ಬೆಳೆಸಿದ ಶಾಲೆಯ ಕಟ್ಟಡವನ್ನು ಬಿಟ್ಟುಕೊಡಬೇಕಾಯಿತು.

ಹೊರಬಂದ ಹಳ್ಳಿ ಸಭೆಗಳಿಗೆ ಕೂರಲು ಜಾಗ ಇರಲಿಲ್ಲ. ಕಣಜದ ಕೊಟ್ಟಿಗೆಯಲ್ಲಿ, ಬಯಲಲ್ಲಿ ಆರಾಧನೆ ನಡೆಯಿತು. ಕೆಲವು ಜಮೀನ್ದಾರರು ಚರ್ಚು ಕಟ್ಟಲು ಒಂದು ಗೇಣು ನೆಲವನ್ನೂ ಕೊಡಲಿಲ್ಲ. ಪಶ್ಚಿಮ ಕರಾವಳಿಯ ಸ್ಟ್ರಾಂಷಿಯನ್ ಊರಿನವರು ಇದಕ್ಕೆ ಮಾಡಿದ ಉಪಾಯ ನೋಡಿ: ನೆಲ ಕೊಡದಿದ್ದರೆ ನೀರಿದೆಯಲ್ಲ! ಸುಮಾರು 1,400 ಪೌಂಡು ಕೂಡಿಸಿ, ಕ್ಲೈಡ್ ನದಿಯ ಹಡಗುಕಟ್ಟೆಯಲ್ಲಿ ಕಬ್ಬಿಣದ ತೇಲುವ ಚರ್ಚನ್ನೇ ಮಾಡಿಸಿದರು. 1846ರಲ್ಲಿ ಅದನ್ನು ಎಳೆತಂದು ಲಾಕ್ ಸುನಾರ್ಟ್ ಎಂಬ ಕಡಲ ಚಾಚಿನಲ್ಲಿ ಲಂಗರು ಹಾಕಿದರು. ಜನ ದೋಣಿಯಲ್ಲಿ ಹೋಗಿ ಪ್ರಸಂಗ ಕೇಳುತ್ತಿದ್ದರು. ನೂರು ಜನ ಹತ್ತಿದರೆ ಒಂದು ಇಂಚು ಮುಳುಗುತ್ತಿತ್ತಂತೆ, ಹಾಗಾಗಿ ಯಾರ ಪ್ರಸಂಗಕ್ಕೆ ಜನ ಜಾಸ್ತಿ ಎಂದು ದಡದಿಂದಲೇ ಗೊತ್ತಾಗುತ್ತಿತ್ತು ಎನ್ನುತ್ತಾರೆ. (ಪಟಾಕಿಗೆ ಕೆಂಪು ಬಣ್ಣ ಕೊಡುವ ಸ್ಟ್ರಾಂಷಿಯಂಗೆ ಹೆಸರು ಬಂದಿದ್ದೂ ಇದೇ ಊರಿನಿಂದ.)

ಮುಂದಿನ ಕಥೆ ಚಿಕ್ಕದು. 1874ರಲ್ಲಿ ಪೋಷಕರ ಹಕ್ಕೇ ರದ್ದಾಯಿತು. 1900ರಲ್ಲಿ ಫ್ರೀ ಚರ್ಚಿನ ಬಹುಪಾಲು ಜನ ಯುನೈಟೆಡ್ ಪ್ರೆಸ್ಬಿಟೇರಿಯನ್ನರು ಎಂಬ ಇನ್ನೊಂದು ಗುಂಪಿನ ಜೊತೆ ಸೇರಿ ಯುನೈಟೆಡ್ ಫ್ರೀ ಚರ್ಚ್ ಆದರು. ಅವರಲ್ಲಿ ಹೆಚ್ಚಿನವರು 1929ರಲ್ಲಿ ಹಳೆಯ ಚರ್ಚ್ ಆಫ್ ಸ್ಕಾಟ್ಲೆಂಡನ್ನೇ ಸೇರಿದರು. ಆಗ ಎಷ್ಟೋ ಹಳ್ಳಿಗಳಲ್ಲಿ ಸಭೆ ಒಂದಾಯಿತು, ಕಟ್ಟಡ ಎರಡು ಉಳಿದವು. ಎರಡಕ್ಕೂ ಸೂರು ಹೊದಿಸುವ ಖರ್ಚು ಯಾರು ಹೊರುತ್ತಾರೆ? ಒಂದನ್ನು ಸಭಾಂಗಣ ಮಾಡಿಕೊಂಡರು, ಇಲ್ಲವೇ ಮಾರಿದರು. ನೀವು ನೋಡಿದ ಮನೆಯೂ ಹೀಗೆ ಮಾರಿದ್ದೇ ಇರಬೇಕು. ಸುತ್ತ ಹಳೆಯ ಸಮಾಧಿಗಳಿದ್ದರೆ ಅದು ಸಾಮಾನ್ಯವಾಗಿ ಮೂಲ ಚರ್ಚು. ಸಮಾಧಿ ಇಲ್ಲದೆ, ಗೋಡೆಯ ಕಲ್ಲಿನಲ್ಲಿ 1843 ಅಥವಾ 1844 ಎಂದು ಕೆತ್ತಿದ್ದರೆ ಫ್ರೀ ಚರ್ಚಿನವರದು ಎನ್ನಬಹುದು.

ಚರಿತ್ರೆ ಬೇಕಾದರೆ ಮೊದಲು ಕರ್ಕ್ ಸೆಷನ್ನಿನ ನಡಾವಳಿ ಪುಸ್ತಕ ಹಿಡಿಯಿರಿ. ನನಗಂತೂ ಅಚ್ಚಾದ ಸ್ಮರಣಸಂಚಿಕೆಗಳಿಗಿಂತ ಇವೇ ಇಷ್ಟ. ಸ್ಮರಣಸಂಚಿಕೆಯಲ್ಲಿ ಎಲ್ಲರೂ ಒಳ್ಳೆಯವರೇ! ಇಲ್ಲಿ ಹಾಗಲ್ಲ. ಕಾಣಿಕೆ ತಟ್ಟೆಗೆ ಬಿದ್ದ ಸವೆದ, ಖೋಟಾ ತಾಮ್ರದ ಕಾಸುಗಳ ಲೆಕ್ಕವೂ ಇರುತ್ತದೆ. ಶವಪೆಟ್ಟಿಗೆಗೆ ಹೊದಿಸುವ ಬಟ್ಟೆಯನ್ನು ಸೆಷನ್ ಬಾಡಿಗೆಗೆ ಕೊಡುತ್ತಿತ್ತು. ಆ ದುಡ್ಡು ಊರಿನ ಬಡವರ ನಿಧಿಗೆ. ಯಾವ ವಿಧವೆಗೆ ಎಷ್ಟು ಕೊಟ್ಟರು, ಮದುವೆಗೆ ಮುಂಚೆ ಬಸುರಾದ ಹುಡುಗಿಯನ್ನು ಕರೆಸಿ ಏನು ಕೇಳಿದರು, ಹುಡುಗ ಏನೆಂದ, ಎಲ್ಲ ಬರೆದಿಟ್ಟಿದ್ದಾರೆ.

ಇವುಗಳಲ್ಲಿ ಬಹಳಷ್ಟು ಸ್ಕಾಟ್ಲೆಂಡ್ಸ್‌ಪೀಪಲ್ ಜಾಲತಾಣದಲ್ಲಿವೆ, ಧಾರವಾಡದಲ್ಲಿ ಕೂತೇ ಓದಬಹುದು. ಹುಡುಕುವಾಗ ಊರಿನ ಹೆಸರಿನ ಜೊತೆ ಫ್ರೀ ಚರ್ಚ್, ಯುನೈಟೆಡ್ ಫ್ರೀ ಎರಡನ್ನೂ ಹಾಕಿ ನೋಡಿ. 1900ರ ನಂತರ ಅದೇ ಸಭೆಯ ದಾಖಲೆ ಬೇರೆ ಹೆಸರಿನಲ್ಲಿರುತ್ತದೆ.