ಸಹಿ ಮಾಡುವ ಮುಂಚೆ ಠರಾವು ಓದಿ: ಶಾಲಾ ಸಮಿತಿ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಸರಕಾರಿ ಶಾಲೆಯ ಎಸ್‌ಡಿಎಂಸಿ ಬಗ್ಗೆ. ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. 1956ರವರೆಗೆ ಬೆಳಗಾವಿ, ವಿಜಾಪುರ ಎರಡೂ ಮುಂಬೈ ರಾಜ್ಯದಲ್ಲಿದ್ದವು. ಆಗ ಪ್ರಾಥಮಿಕ ಶಾಲೆಗಳ ಉಸ್ತುವಾರಿ ಸ್ಕೂಲ್ ಬೋರ್ಡಿನದು. ಬೋರ್ಡು ಜಿಲ್ಲೆಯ ಊರಲ್ಲಿ ಕೂತಿರುತ್ತಿತ್ತು, ಶಾಲೆ ಹಳ್ಳಿಯಲ್ಲಿ. ಈಗಿನ ಸಮಿತಿ ಹಾಗಲ್ಲ, ಶಾಲೆಗೊಂದು. 2001ರಲ್ಲಿ ರಾಜ್ಯ ಸರಕಾರದ ಆದೇಶದಿಂದ ಶುರುವಾಯಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗೆ ಕಾನೂನಿನ ಬಲ ಕೊಟ್ಟಿತು.

ಪ್ರಶ್ನೆ: ನಮ್ಮೂರ ಶಾಲೆಗೆ ನನ್ನನ್ನು ಎಸ್‌ಡಿಎಂಸಿ ಅಧ್ಯಕ್ಷೆ ಮಾಡಿದ್ದಾರೆ. ಸಭೆಗೆ ನಮ್ಮ ಮನೆಯವರೇ ಹೋಗುತ್ತಾರೆ. ಆಮೇಲೆ ಸಭೆಯ ನಡಾವಳಿ ಪುಸ್ತಕ ಮನೆಗೆ ಬರುತ್ತದೆ, ನಾನು ಸಹಿ ಮಾಡುತ್ತೇನೆ. ನಾನು ಓದಿದ್ದು ಏಳನೇ ಇಯತ್ತೆ. ನನ್ನ ಕೆಲಸ ಏನು ಅಂತ ಯಾರೂ ಹೇಳಿಲ್ಲ. — ಒಬ್ಬ ತಾಯಿ, ಗೋಕಾಕ ತಾಲ್ಲೂಕು

ಅಕ್ಕಾ, ಏಳನೇ ಇಯತ್ತೆ ಈ ಕೆಲಸಕ್ಕೆ ಬೇಕಾದಷ್ಟಾಯಿತು. ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆ-ತಾಯಿಯೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಕಾಯ್ದೆಯ 21ನೇ ಕಲಮು ಹೇಳುತ್ತದೆ. ಗಂಡಸರೇ ಕೂತು ಮುಗಿಸಲಿ ಅನ್ನುವ ಉದ್ದೇಶ ಇದ್ದಿದ್ದರೆ ಇಷ್ಟು ಬಿಡಿಸಿ ಬರೆಯುತ್ತಿರಲಿಲ್ಲ ಅಲ್ವಾ? ನಿಮ್ಮ ಯಜಮಾನರು ಸದಸ್ಯರಲ್ಲದಿದ್ದರೆ ಅವರಿಗೆ ಅಲ್ಲಿ ಕುರ್ಚಿಯಿಲ್ಲ. ನಿಮ್ಮನ್ನು ಶಾಲೆ ತನಕ ಬಿಟ್ಟು ಬರಲಿ, ಬೇಡ ಅನ್ನುವವರಾರು.

ಹೆಡ್‌ಮಾಸ್ತರು ಸಮಿತಿಯ ಕಾರ್ಯದರ್ಶಿ. ನೋಟಿಸು ಕಳಿಸುವುದು, ನಡಾವಳಿ ಬರೆಯುವುದು ಅವರ ಕೆಲಸ. ಅಧ್ಯಕ್ಷೆ ಸಭೆ ನಡೆಸಬೇಕು. ಮಾಮೂಲಿ ಸಭೆಯಲ್ಲಿ ಏನೇನು ಬರುತ್ತದೆ? ಹಿಂದಿನ ಸಭೆಯಲ್ಲಿ ಒಪ್ಪಿದ್ದು ಆಯಿತೋ ಇಲ್ಲವೋ, ಮಕ್ಕಳ ಹಾಜರಿ, ಮಾಸ್ತರರ ಹಾಜರಿ, ಬಿಸಿಯೂಟ, ನೀರು, ಶೌಚಾಲಯ, ಬಂದ ಹಣ, ಖರ್ಚಾದ ಹಣ. ಅಷ್ಟೇ. ಕಷ್ಟದ ಭಾಷೆ ಏನೂ ಬೇಕಿಲ್ಲ. ‘ಹುಡುಗಿಯರ ಶೌಚಾಲಯಕ್ಕೆ ನೀರು ಯಾಕೆ ಬರುತ್ತಿಲ್ಲ?’ ಅಂತ ಕೇಳಿದರೆ ಅದೇ ಸಭೆಯ ವಿಷಯ. ಉತ್ತರ ಬರುವ ತನಕ ಮುಂದಿನ ವಿಷಯಕ್ಕೆ ಹೋಗಬೇಡಿ.

ಈಗ ಸಹಿ ವಿಚಾರ. ಇದನ್ನು ಸ್ವಲ್ಪ ಖಡಕ್ಕಾಗಿಯೇ ಹೇಳುತ್ತೇನೆ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಬೇಡ. ಶಾಲೆಯ ಸಮಿತಿ ಖಾತೆ ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಜಂಟಿ ಹೆಸರಲ್ಲಿರುತ್ತದೆ. ಚೆಕ್ ಇರಲಿ, ಆನ್‌ಲೈನ್ ಪಾವತಿಯ ಕಾಗದ ಇರಲಿ, ಮೊತ್ತ ಮತ್ತು ಹಣ ಯಾರಿಗೆ ಅನ್ನುವುದು ಬರೆದ ಮೇಲೆಯೇ ಸಹಿ. ಠರಾವಿನಲ್ಲಿ, ಅಂದರೆ ಸಭೆ ಒಪ್ಪಿ ಬರೆದ ನಿರ್ಣಯದಲ್ಲಿ, ತಾರೀಖು, ಬಂದವರ ಹೆಸರು, ಏನು ಒಪ್ಪಿದಿರಿ, ಎಷ್ಟು ರೂಪಾಯಿ, ಸೂಚಕರು ಯಾರು, ಅನುಮೋದಕರು ಯಾರು, ಇಷ್ಟು ಕಾಣಬೇಕು. ಕೊನೆಯ ಸಾಲಿನ ಕೆಳಗೆ ಜಾಗ ಉಳಿದರೆ ಅಡ್ಡಗೆರೆ ಹೊಡೆದು ಅದರ ಕೆಳಗೆ ಸಹಿ ಮಾಡಿ. ನಾಳೆ ಯಾರಾದರೂ ‘ನೀವೇ ಒಪ್ಪಿದ್ದೀರಲ್ಲ’ ಅಂದರೆ ನಿಮ್ಮ ಬಾಯಿಮಾತು ನಡೆಯುವುದಿಲ್ಲ, ಪುಸ್ತಕ ನಡೆಯುತ್ತದೆ. ಮನೆಗೆ ಪುಸ್ತಕ ಬಂದರೆ ‘ಸಭೆಯಲ್ಲೇ ಮಾಡುತ್ತೇನೆ ಸರ್’ ಅಂತ ವಾಪಸು ಕಳಿಸಿ. ಸಿಟ್ಟು ಬೇಡ. ಎರಡು ಸಲ ಹಾಗೆ ಕಳಿಸಿದರೆ ಮೂರನೇ ಸಲ ಪುಸ್ತಕ ಬರುವುದಿಲ್ಲ, ನೋಟಿಸು ಬರುತ್ತದೆ.

ಸಭೆ ಎಷ್ಟು ದಿನಕ್ಕೊಮ್ಮೆ? ಕೇಂದ್ರದ 2010ರ ಮಾದರಿ ನಿಯಮ ತಿಂಗಳಿಗೆ ಒಂದಾದರೂ ಬೇಕು ಅನ್ನುತ್ತದೆ, ನಡಾವಳಿಯನ್ನು ಊರವರು ನೋಡುವಂತಿರಬೇಕು ಅಂತಲೂ ಹೇಳುತ್ತದೆ. ಕೂಲಿಗೆ ಹೋಗುವ ತಾಯಂದಿರು ಮಧ್ಯಾಹ್ನ ಹನ್ನೆರಡಕ್ಕೆ ಸಭೆ ಕರೆದರೆ ಬರುವುದು ಹೇಗೆ? ದಿನದ ಪಗಾರ ಹೋಗುತ್ತದೆ. ಸೋಮವಾರ ಎತ್ತು ಹೂಡದ ಊರಾದರೆ ಸೋಮವಾರ ಇಡಿಸಿ, ಇಲ್ಲವೇ ಅಮಾವಾಸ್ಯೆ ದಿನ ಇಡಿಸಿ. ಅಧ್ಯಕ್ಷೆ ಕೇಳಿದರೆ ಇದಕ್ಕೆ ಯಾವ ಮಾಸ್ತರರೂ ಇಲ್ಲ ಅನ್ನಲಿಕ್ಕಿಲ್ಲ.

ಪ್ರಶ್ನೆ: ನಮ್ಮ ಶಾಲೆಯಲ್ಲಿ 86 ಮಕ್ಕಳು. ವರ್ಷಕ್ಕೆ ಎಷ್ಟು ಹಣ ಬರುತ್ತದೆ? ಕೇಳಿದರೆ ‘ಬಂದದ್ದೆಲ್ಲ ಸೀಮೆಸುಣ್ಣಕ್ಕೇ ಹೋಯಿತು’ ಅನ್ನುತ್ತಾರೆ. ಕಾಂಪೌಂಡ್ ಗೋಡೆಯೂ ಇಲ್ಲ, ಎಮ್ಮೆ ದನ ಒಳಗೇ ಬರುತ್ತವೆ. — ಸಮಿತಿ ಸದಸ್ಯರು, ಬಾದಾಮಿ ತಾಲ್ಲೂಕು

ಸರಕಾರದ ‘ಸಮಗ್ರ ಶಿಕ್ಷಣ’ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆ ಮೇಲೆ ನಿಂತಿದೆ. ಆ ಯೋಜನೆಯ ಲೆಕ್ಕದಲ್ಲಿ 30ರವರೆಗೆ ಮಕ್ಕಳಿದ್ದರೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಜಾಸ್ತಿ ಇದ್ದರೆ ಒಂದು ಲಕ್ಷ. ನಿಮ್ಮದು 25,000ದ ಶಾಲೆ. ಅದರಲ್ಲಿ ಕನಿಷ್ಠ ಶೇ 10, ಅಂದರೆ 2,500 ರೂಪಾಯಿ ಸ್ವಚ್ಛತೆಗೇ ಹೋಗಬೇಕು.

ಒಂದು ಮಾತು. ಮೊದಲೇ ಮಾಸ್ತರರ ಮೇಲೆ ಸಂಶಯ ಪಡಬೇಡಿ. ವರ್ಷವಿಡೀ ಒಂದು ಶಾಲೆ ನಡೆಸಲು 25,000 ದೊಡ್ಡ ಮೊತ್ತವೇನಲ್ಲ. ಕರೆಂಟು, ರಿಪೇರಿ, ಪೇಪರು, ಪೊರಕೆ, ಫಿನಾಯಿಲ್ ಅಂತ ಕರಗಿಹೋಗುತ್ತದೆ. ಹಣ ಬರುವುದು ತಡವಾಗಿ ಮಾಸ್ತರರೇ ಕೈಯಿಂದ ಹಾಕಿಕೊಂಡಿರುವುದೂ ಉಂಟು. ಆದರೆ ಲೆಕ್ಕ ತೋರಿಸುವುದು ಬೇರೆ ಮಾತು. ಅನುದಾನ ಹೇಗೆ ಬಳಕೆಯಾಯಿತು ಅಂತ ನೋಡುವುದು ಸಮಿತಿಗೆ ಕಾಯ್ದೆಯೇ ಕೊಟ್ಟ ಕೆಲಸ. ಮುಂದಿನ ಸಭೆಯಲ್ಲಿ ನಗದು ಪುಸ್ತಕ, ಪಾಸ್‌ಬುಕ್ ಮತ್ತು ರಸೀದಿ ಮೂರನ್ನೂ ಒಟ್ಟಿಗೆ ಮೇಜಿನ ಮೇಲೆ ಇಡಲು ಕೇಳಿ. ಒಂದೊಂದೇ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಸದಸ್ಯರಾಗಿದ್ದೂ ತೋರಿಸದಿದ್ದರೆ ಸಿಆರ್‌ಪಿಗೆ (ನಿಮ್ಮ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಹೇಳಿ, ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಬರೆಯಿರಿ. ಮಾಹಿತಿ ಹಕ್ಕು ಅರ್ಜಿ ಕಟ್ಟಕಡೆಗೆ ಇರಲಿ. ನಮ್ಮ ರಾಜ್ಯದಲ್ಲಿ ಆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ‘ಹತ್ತು ವರ್ಷದ ಎಲ್ಲ ದಾಖಲೆ ಕೊಡಿ’ ಅಂತ ಬರೆದು ಅರ್ಜಿ ವಾಪಸು ಪಡೆದವರು ಬೇಕಾದಷ್ಟು ಮಂದಿ. ಒಂದು ವರ್ಷದ ನಗದು ಪುಸ್ತಕದ ಪ್ರತಿ ಕೇಳಿ, ಸಾಕು.

ಗೋಡೆ ಈ ಹಣದಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕು. ಮಕ್ಕಳ ಅಂದಾಜು, ಬೇಕಾದ ಮಾಸ್ತರರು, ಬೇಕಾದ ಕಟ್ಟಡ, ತಗಲುವ ದುಡ್ಡು, ಎಲ್ಲ ಅದರಲ್ಲಿರುತ್ತದೆ. ಮೂರು ವರ್ಷದ ಯೋಜನೆ, ವರ್ಷವರ್ಷದ ಭಾಗ ಬೇರೆ. ಕೇಂದ್ರದ ಮಾದರಿ ನಿಯಮದಂತೆ ಹಣಕಾಸು ವರ್ಷ ಮುಗಿಯುವ ಮೂರು ತಿಂಗಳ ಮುಂಚೆ ಅದು ತಯಾರಿರಬೇಕು. ಲೆಕ್ಕ ಹಾಕಿದರೆ ಡಿಸೆಂಬರ್ ಕೊನೆ. ನಮ್ಮಲ್ಲಿ ಆ ಹೊತ್ತಿಗೆ ಎಲ್ಲರೂ ಜೋಳದ ಹೊಲ, ಕಬ್ಬಿನ ಗದ್ದಲದಲ್ಲಿರುತ್ತಾರೆ. ಅದಕ್ಕೇ ದಸರಾ ರಜೆ ಮುಗಿದ ಕೂಡಲೇ ಬರೆಯಲು ಕೂಡಿ. ಆ ಯೋಜನೆ ಒಪ್ಪಿದ ಠರಾವಿನ ಒಂದು ಪ್ರತಿ ಗ್ರಾಮ ಪಂಚಾಯ್ತಿಗೆ ಕೊಟ್ಟು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕಡೆಯಿಂದ ಸ್ವೀಕೃತಿ ತೆಗೆದುಕೊಳ್ಳಿ. ಉದ್ಯೋಗ ಖಾತ್ರಿ ಕೆಲಸದಲ್ಲಿ ಶಾಲೆಗೆ ಕಾಂಪೌಂಡ್ ಕಟ್ಟಿಸಿಕೊಂಡ ಊರುಗಳಿವೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದ ಊರುಗಳು ಅವು.

ಪ್ರಶ್ನೆ: ದೀಪಾವಳಿ ಆದ ಮೇಲೆ ಕಬ್ಬು ಕಡಿಯಲು ಗ್ಯಾಂಗಿನ ಜೊತೆ ಹೋಗುತ್ತೇವೆ. ಬರುವುದು ಮಾರ್ಚ್‌ಗೆ. ಮಗಳು ಐದನೇ ತರಗತಿ. ಹೆಸರು ತೆಗೆದುಬಿಡುತ್ತಾರಾ? — ಇಂಡಿ ತಾಲ್ಲೂಕಿನಿಂದ, ಮಗಳ ಕೈಲಿ ಬರೆಸಿದ ಪತ್ರ

ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಅದು ಕಾಯ್ದೆ. ಆದರೆ ಹೇಳದೆ ಹೋದರೆ ‘ಶಾಲೆ ಬಿಟ್ಟ ಮಗು’ ಅಂತ ಬರೆದುಕೊಳ್ಳುವ ಸಂಭವ ಇದ್ದೇ ಇದೆ. ಹೋಗುವ ಮುಂಚೆ ಯಾವ ಊರಿಗೆ, ಯಾವಾಗ ವಾಪಸು ಅಂತ ಹೆಡ್‌ಮಾಸ್ತರರಿಗೆ ಒಂದು ಚೀಟಿ ಬರೆದುಕೊಡಿ. ಮಗಳ ಸ್ಯಾಟ್ಸ್ ನಂಬರು, ಅಂದರೆ ಶಾಲೆಯ ಆನ್‌ಲೈನ್ ದಾಖಲೆಯಲ್ಲಿ ಆಕೆಗಿರುವ ಗುರುತಿನ ನಂಬರು, ಬರೆದಿಟ್ಟುಕೊಳ್ಳಿ. ರಾಜ್ಯದೊಳಗೆ ಎಲ್ಲಿ ಸೇರಿದರೂ ಅದೇ ನಂಬರು ನಡೆಯುತ್ತದೆ.

ಅಜ್ಜಿಯ ಹತ್ತಿರ ಬಿಟ್ಟುಹೋಗಲು ಆದರೆ ಅದೇ ಒಳ್ಳೆಯದು. ಆಗದಿದ್ದರೆ ಸಮಿತಿಗೆ ಹೇಳಿ. ಗುಳೆ ಹೋಗುವವರ ಮಕ್ಕಳಿಗಾಗಿ ಋತುಮಾನದ ವಸತಿ ವ್ಯವಸ್ಥೆ ಮಾಡಲು ಸಮಗ್ರ ಶಿಕ್ಷಣದಲ್ಲಿ ಅವಕಾಶವಿದೆ. ಆದರೆ ಅದು ತಾನಾಗಿ ಬರುವುದಿಲ್ಲ. ನಿಮ್ಮ ಓಣಿಯಿಂದ, ತಾಂಡಾದಿಂದ ಎಷ್ಟು ಮಕ್ಕಳು ಹೋಗುತ್ತಾರೆ ಅಂತ ಸಮಿತಿ ಪಟ್ಟಿ ಮಾಡಿ, ದಸರಾ ಹೊತ್ತಿಗೇ ಠರಾವು ಮಾಡಿ ಬಿಇಒ ಆಫೀಸಿಗೆ ಮುಟ್ಟಿಸಬೇಕು. ಗ್ಯಾಂಗಿನ ಟ್ರ್ಯಾಕ್ಟರ್ ಊರು ಬಿಟ್ಟ ಮೇಲೆ ಪಟ್ಟಿ ಬರೆದು ಏನುಪಯೋಗ?

ಜೊತೆಗೇ ಕರೆದುಕೊಂಡು ಹೋದರೆ, ಕಬ್ಬಿನ ಗದ್ದೆ ಹತ್ತಿರದ ಸರಕಾರಿ ಶಾಲೆಗೆ ಸೇರಿಸಿ. ವರ್ಗಾವಣೆ ಪತ್ರ ಕೇಳಿದರೆ ಇಲ್ಲಿಯ ಮುಖ್ಯ ಶಿಕ್ಷಕರು ಕೂಡಲೇ ಕೊಡಬೇಕು. ಅದು ತಡವಾಯಿತು, ಜನ್ಮ ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ಆ ಶಾಲೆಯವರು ಮಗುವನ್ನು ವಾಪಸು ಕಳಿಸುವಂತಿಲ್ಲ. ಮಹಾರಾಷ್ಟ್ರಕ್ಕೆ ಹೋದರೂ ಇದೇ ಕಾಯ್ದೆ. ಜತ್ತ, ಅಕ್ಕಲಕೋಟ ಕಡೆ ಕನ್ನಡ ಮಾಧ್ಯಮದ ಶಾಲೆಗಳೇ ಇವೆ. ಇನ್ನೂ ಒಳಗೆ ಹೋದರೆ ಮರಾಠಿ ಶಾಲೆಯೇ ಗತಿ. ಹೋಗಲಿ, ಗದ್ದೆಯಲ್ಲಿ ಕೂಸು ಆಡಿಸುತ್ತ ಕೂರುವುದಕ್ಕಿಂತ ಅದು ಮೇಲು. ಮಾರ್ಚ್‌ನಲ್ಲಿ ವಾಪಸು ಬಂದ ಮೇಲೆ ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಿ, ಹಿಂದೆ ಬಿದ್ದದ್ದಕ್ಕೆ ವಿಶೇಷ ತರಬೇತಿ ಕೊಡಿ ಅಂತ ಕೇಳಿ. ಕಾಯ್ದೆಯ 4ನೇ ಕಲಮು ಅದಕ್ಕೇ ಇರುವುದು.

ಪತ್ರದ ಅಕ್ಷರ ಚೆನ್ನಾಗಿದೆ ಅಂತ ಮಗಳಿಗೆ ಹೇಳಿ.

ಪ್ರಶ್ನೆ: ಬಿಸಿಯೂಟದ ಸಾರು ನೀರಾಗಿರುತ್ತದೆ. ನಾವು ಹೋಗಿ ರುಚಿ ನೋಡಬಹುದಾ? — ಹುನಗುಂದ

ನೋಡಬಹುದು, ನೋಡಲೇಬೇಕು. ಮಕ್ಕಳಿಗೆ ಬಡಿಸುವ ಮುಂಚೆ ಒಬ್ಬ ಶಿಕ್ಷಕರಾದರೂ ಸೇರಿ ಎರಡು ಮೂರು ಮಂದಿ ದೊಡ್ಡವರು ರುಚಿ ನೋಡಬೇಕು ಅಂತ ನಿಯಮವೇ ಇದೆ. ಸಮಿತಿಯ ತಾಯಂದಿರು ಸರದಿ ಹಾಕಿಕೊಳ್ಳಿ. ಒಂದರಿಂದ ಐದನೇ ತರಗತಿ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಆರರಿಂದ ಎಂಟಕ್ಕೆ 150 ಗ್ರಾಂ. ಹಾಜರಿ ಪುಸ್ತಕದ ಸಂಖ್ಯೆಗೂ ಅಳೆದು ಕೊಟ್ಟ ಅಕ್ಕಿ, ಬೇಳೆಗೂ ತಾಳೆ ನೋಡಿ. ಅಡುಗೆಯವ್ವನ ಮೇಲೆ ಹಾರಾಡಬೇಡಿ. ಆಕೆ ಕೊಟ್ಟಷ್ಟು ಬೇಳೆಯಲ್ಲೇ ಕುದಿಸಬೇಕು, ಕೀಲಿ ಇರುವುದು ಬೇರೆಯವರ ಹತ್ತಿರ.

ಪ್ರಶ್ನೆ: ಪ್ರತಿ ಮಗುವಿನಿಂದ ತಿಂಗಳಿಗೆ ಇಷ್ಟು ಅಂತ ದೇಣಿಗೆ ತೆಗೆದುಕೊಳ್ಳಲು ಸಮಿತಿ ಠರಾವು ಮಾಡಬಹುದಾ? — ಚಿಕ್ಕೋಡಿ

ಕಡ್ಡಾಯ ಮಾಡುವಂತಿಲ್ಲ. 2022ರಲ್ಲಿ ಇಲಾಖೆಯೇ ತಿಂಗಳಿಗೆ 100 ರೂಪಾಯಿ ಸ್ವಇಚ್ಛೆಯ ದೇಣಿಗೆ ಅಂತ ಸುತ್ತೋಲೆ ಹೊರಡಿಸಿ, ಟೀಕೆ ಬಂದ ಮೇಲೆ ವಾಪಸು ಪಡೆಯಿತು. ಊರ ದೊಡ್ಡವರು, ಹಳೆ ವಿದ್ಯಾರ್ಥಿಗಳು ಮನಸ್ಸಿನಿಂದ ಕೊಟ್ಟರೆ ತೆಗೆದುಕೊಳ್ಳಿ. ನಗದಾದರೆ ರಸೀದಿ ಹರಿದು ಖಾತೆಗೆ ಹಾಕಿ. ಟಿವಿ, ಬೆಂಚು, ಫ್ಯಾನು ಆದರೆ ಅದೇ ದಿನ ದಾಸ್ತಾನು ಪುಸ್ತಕದಲ್ಲಿ ಏರಿಸಿ, ಸಾಮಾನಿನ ಹಿಂದೆ ಶಾಲೆಯ ಹೆಸರನ್ನು ಬಣ್ಣದಲ್ಲಿ ಬರೆಸಿ.